ಓದುವವನ ಅನ್ನ, ಊರಿನ ಹಕ್ಕು: ಗೋದಾವರಿ ತೀರದಿಂದ ಒಂದು ಚರಿತ್ರೆ

ನಾಸಿಕದ ಹೊರವಲಯದಲ್ಲಿ, ಮುಂಬಯಿ ಹೆದ್ದಾರಿಯ ಪಕ್ಕದ ಗುಡ್ಡದಲ್ಲಿ ಕೊರೆದಿರುವ ಬೌದ್ಧ ಗುಹೆಗಳನ್ನು ಸುತ್ತಲಿನ ಜನ ಪಾಂಡವಲೇಣಿ ಎಂದು ಕರೆಯುತ್ತಾರೆ. ಪಾಂಡವರಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿನ ಹತ್ತನೆಯ ಗುಹೆಯ ಬ್ರಾಹ್ಮೀ ಶಾಸನವೊಂದು ಕ್ಷಹರಾತ ದೊರೆ ನಹಪಾನನ ಅಳಿಯ ಉಷವದಾತನದು. ಸುಮಾರು 1,900 ವರ್ಷಗಳ ಹಿಂದಿನ ಈ ಬರಹ ಒಂದು ಠೇವಣಿ ಪತ್ರದಂತಿದೆ. ಉಷವದಾತನು 3,000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರ ಶ್ರೇಣಿಗಳಲ್ಲಿ ಇಟ್ಟ. ಒಂದು ಶ್ರೇಣಿಯಲ್ಲಿ 2,000, ನೂರಕ್ಕೆ ತಿಂಗಳಿಗೆ 1ರ ಬಡ್ಡಿಯಂತೆ. ಇನ್ನೊಂದರಲ್ಲಿ 1,000, ನೂರಕ್ಕೆ ಮುಕ್ಕಾಲರಂತೆ. ಮೊದಲನೆಯದರ ಬಡ್ಡಿಯಿಂದ ಗುಹೆಯಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ಬಟ್ಟೆಯ ಹಣ ಸಲ್ಲಬೇಕು. ಲೆಕ್ಕ ಹಾಕಿ ನೋಡಿದರೆ ವರ್ಷದ ಬಡ್ಡಿ 240, ಇಪ್ಪತ್ತು ಜನರಿಗೆ ಹಂಚಿದರೆ ಒಬ್ಬೊಬ್ಬನಿಗೆ ಸರಿಯಾಗಿ 12. ಒಂದು ಕಾಸೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂಲಧನವನ್ನು ಎಂದಿಗೂ ಹಿಂದಿರುಗಿಸಬಾರದು, ಬಡ್ಡಿಯನ್ನಷ್ಟೇ ಭೋಗಿಸಬೇಕು ಎಂಬ ಕರಾರೂ ಅದರಲ್ಲಿದೆ.

ಭಿಕ್ಷುಗಳು ಇಂದಿನ ಅರ್ಥದ ಸಂಶೋಧನಾ ವಿದ್ಯಾರ್ಥಿಗಳಲ್ಲ. ಆದರೆ ಉತ್ಪಾದನೆಯ ಕೆಲಸದಿಂದ ಬಿಡುವು ಪಡೆದು ಓದು, ಚಿಂತನೆಗಳಲ್ಲಿ ಕಾಲ ಕಳೆಯುವವನಿಗೆ ಅನ್ನ ಬಟ್ಟೆಯ ಹೊಣೆಯನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಈ ಸೀಮೆ ಕೊಟ್ಟ ಹಳೆಯ ಉತ್ತರಗಳಲ್ಲಿ ಇದೊಂದು. ವಿಶ್ವವಿದ್ಯಾಲಯಗಳ ಜಾಹೀರಾತುಗಳಲ್ಲಿ ಪ್ರಾಧ್ಯಾಪಕ ಹುದ್ದೆಗಳ ಸಂಖ್ಯೆಯನ್ನೂ ಪಿಎಚ್.ಡಿ. ವೇತನದ ಮೊತ್ತವನ್ನೂ ಹುಡುಕುವ ನಮ್ಮ ಮಕ್ಕಳು ಇಂದಿಗೂ ಇದೇ ಪ್ರಶ್ನೆಯ ಮುಂದೆ ನಿಂತಿದ್ದಾರೆ. ಅವರ ಮುಂದೆ ಇನ್ನೊಂದು ಪ್ರಶ್ನೆಯೂ ಇದೆ, ಅದು ಉಷವದಾತನ ಶಾಸನದಲ್ಲಿಲ್ಲ: ನೀನು ಯಾವ ಊರಿನವನು? ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಈ ಎರಡನೆಯ ಪ್ರಶ್ನೆ ಹೆಚ್ಚು ಕಾಡುವಂಥದು. ಆದ್ದರಿಂದ ನಾಸಿಕ ಮತ್ತು ಈಗ ಛತ್ರಪತಿ ಸಂಭಾಜಿನಗರವೆಂದು ಕರೆಯಲಾಗುವ ಔರಂಗಾಬಾದಿನ ಸುತ್ತ ಈ ಎರಡೂ ಪ್ರಶ್ನೆಗಳು ಹೇಗೆ ಹೆಣೆದುಕೊಂಡು ಬಂದವೆಂಬುದನ್ನು ನೋಡಲು ಯತ್ನಿಸಿದ್ದೇವೆ.

ಗೋದಾವರಿ ನಮಗೆ ಪರಕೀಯ ನದಿಯಲ್ಲ. ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಎಲ್ಲೆಯನ್ನು ತಂದು ನಿಲ್ಲಿಸಿದ್ದು ಈ ನದಿಯ ದಡದಲ್ಲೇ. ಎಲ್ಲೋರದ ಕೈಲಾಸ ದೇಗುಲ ರಾಷ್ಟ್ರಕೂಟ ಕೃಷ್ಣನ ಕಾಲದ್ದು. ದೇವಗಿರಿಯ ಸೇವುಣರು ನಾಸಿಕದ ಬಳಿಯ ಸಿನ್ನರದಿಂದ ಬೆಳೆದು ಬಂದವರು, ಅವರ ಆಳ್ವಿಕೆಯ ಕನ್ನಡ ಶಾಸನಗಳು ಹೇರಳವಾಗಿವೆ. ಈ ಅರಸುಮನೆತನಗಳು ಯಾವ ಭಾಷೆಯವು ಎಂಬ ಜಗಳವನ್ನು ಎರಡೂ ಕಡೆಯ ಉತ್ಸಾಹಿಗಳಿಗೆ ಬಿಟ್ಟುಬಿಡೋಣ. ಅವರ ಕಾಲದಲ್ಲಿ ಓದುವವನನ್ನು ಯಾರು ಸಾಕಿದರು ಎಂಬುದಷ್ಟೇ ನಮಗೆ ಬೇಕಾದ ವಿಷಯ.

ಇದಕ್ಕೆ ಸಿಗುವ ಸಾಕ್ಷ್ಯಗಳಲ್ಲಿ ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ಸಾಲೋಟಗಿಯ ಶಾಸನ ಅತ್ಯಂತ ಸ್ಪಷ್ಟವಾದದ್ದು. ಊರಿನ ಹೆಸರಿನಲ್ಲೇ ಶಾಲೆ ಇದೆ. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲೊಂದು ಶಾಲೆಯನ್ನು ಕಟ್ಟಿಸಿದ. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಅಲ್ಲಿ ಓದುತ್ತಿದ್ದರೆಂದು ಶಾಸನ ಹೇಳುತ್ತದೆ. ಅವರ ವಸತಿಗೆ 27 ಮನೆಗಳು, ದೀಪದೆಣ್ಣೆಗೆ 12 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ ಮತ್ತು ಮನೆ. ಇವೆಲ್ಲಕ್ಕಿಂತ ನಮ್ಮ ಗಮನ ಸೆಳೆಯುವುದು ಊರವರ ಮೇಲಿನ ಸಣ್ಣ ವಂತಿಗೆ. ಬ್ರಾಹ್ಮಣರ ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರಲ್ಲೂ ಅರ್ಧ. ಮನೆಯಲ್ಲಿ ಊಟ ಹಾಕಿಸಿದರೆ ಶಾಲೆಯ ಪರಿಷತ್ತಿನವರಿಗೂ ಶಕ್ತ್ಯನುಸಾರ ಉಣಬಡಿಸಬೇಕು. ಹಣ ಊರಿನದು, ಓದುವವರು ಬೇರೆ ಬೇರೆ ನಾಡಿನವರು. ಊರಿನ ಹುಡುಗರಿಗೇ ಮೊದಲ ಸ್ಥಾನವೆಂಬ ಷರತ್ತು ಅದರಲ್ಲಿಲ್ಲ.

ಇದಾಗಿ ನೂರು ವರ್ಷಗಳ ಮೇಲೆ, 1058ರಲ್ಲಿ, ಮಳಖೇಡದಿಂದ ಹೆಚ್ಚು ದೂರವಿಲ್ಲದ ನಾಗಾವಿಯಲ್ಲಿ ಚಾಲುಕ್ಯ ಸೋಮೇಶ್ವರನ ದಂಡನಾಯಕ ಮಧುಸೂದನನು ಘಟಿಕಾಸ್ಥಾನಕ್ಕೆ ದತ್ತಿ ಬಿಟ್ಟ. ವೇದ ಓದುವ 200 ಮಂದಿ, ಶಾಸ್ತ್ರ ಓದುವ 50ರಷ್ಟು ಮಂದಿ, ಅವರಿಗೆ ವೇದದ ಉಪಾಧ್ಯಾಯರು, ಶಾಸ್ತ್ರದ ಉಪಾಧ್ಯಾಯರು, ಇವರೆಲ್ಲರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಗ್ರಂಥಪಾಲಕರು. 250 ವಿದ್ಯಾರ್ಥಿಗಳಿಗೆ ಆರು ಗ್ರಂಥಪಾಲಕರು! ಗ್ರಂಥಪಾಲಕ ಹುದ್ದೆ ವರ್ಷಗಟ್ಟಲೆ ಖಾಲಿ ಉಳಿಯುವ ಕಾಲೇಜುಗಳನ್ನು ಕಂಡಿರುವ ನಾವು ಈ ಅಂಕಿಯನ್ನು ಎರಡು ಬಾರಿ ಓದಬೇಕಾಗುತ್ತದೆ.

ನಾಸಿಕಕ್ಕೂ ಔರಂಗಾಬಾದಿಗೂ ನೆರೆಯಾದ ಖಾನದೇಶದಲ್ಲಿ, ಚಾಳೀಸಗಾಂವದ ಹತ್ತಿರದ ಪಾಟಣದ ಶಾಸನ ಇನ್ನೂ ವಿಶಿಷ್ಟವಾದದ್ದು. ಗಣಿತಜ್ಞ ಭಾಸ್ಕರಾಚಾರ್ಯರ ಮೊಮ್ಮಗ ಚಾಂಗದೇವ ಸೇವುಣ ಸಿಂಘಣನ ಆಸ್ಥಾನದ ಜ್ಯೋತಿಷಿಯಾಗಿದ್ದ. ಅಜ್ಜನ ಸಿದ್ಧಾಂತಶಿರೋಮಣಿ ಮೊದಲಾದ ಗ್ರಂಥಗಳ ಅಧ್ಯಯನಕ್ಕೆಂದೇ ಅವನು ಅಲ್ಲಿ ಒಂದು ಮಠವನ್ನು ಸ್ಥಾಪಿಸಿದ. 13ನೆಯ ಶತಮಾನದ ಆರಂಭದ ಈ ದತ್ತಿಗೆ ಸ್ಥಳೀಯ ನಿಕುಂಭ ಸಾಮಂತರು ಭೂಮಿ, ಸುಂಕದ ಪಾಲು ಬಿಟ್ಟರು. ಪೇಟೆಯ ಸರಕಿನಿಂದ, ಗಾಣದ ಎಣ್ಣೆಯಿಂದ ಒಂದಿಷ್ಟು ಮಠಕ್ಕೆ ಸಲ್ಲಬೇಕೆಂದಾಯಿತು. ಒಬ್ಬ ವಿದ್ವಾಂಸನ ಕೃತಿಗಳ ಹೆಸರಿನಲ್ಲಿ ಅಧ್ಯಯನಪೀಠ ಸ್ಥಾಪಿಸುವ ಪದ್ಧತಿಗೆ ನಮ್ಮಲ್ಲಿ ಇಷ್ಟು ಹಳೆಯ ಮಾದರಿ ಇದೆ. ಭಾಸ್ಕರಾಚಾರ್ಯರು ವಿಜಯಪುರದವರೋ ಖಾನದೇಶದವರೋ ಎಂಬ ವಾದ ಇನ್ನೂ ನಡೆದೇ ಇದೆ. ಅವರ ಗಣಿತ ಮಾತ್ರ ಎರಡೂ ಕಡೆ ಒಂದೇ.

ಈ ದತ್ತಿಗಳನ್ನು ಹೊಗಳುವಾಗ ಅವುಗಳ ಬಾಗಿಲು ಎಷ್ಟು ಕಿರಿದಾಗಿತ್ತೆಂಬುದನ್ನೂ ಹೇಳಬೇಕು. ನಾನಾ ಜನಪದಗಳಿಂದ ಬಂದವರು ನಾನಾ ಜಾತಿಗಳಿಂದ ಬಂದವರಲ್ಲ. ಗಾಣದವನು ಎಣ್ಣೆ ಕೊಟ್ಟ, ಗಾಣದವನ ಮಗ ಆ ದೀಪದ ಬೆಳಕಿನಲ್ಲಿ ಓದಲಿಲ್ಲ. ಹೆಣ್ಣುಮಕ್ಕಳ ಮಾತನ್ನಂತೂ ಎತ್ತುವಂತೆಯೇ ಇಲ್ಲ. ಪೇಶ್ವೆಗಳ ಕಾಲದ ದಕ್ಷಿಣೆಯೂ ಈ ಕಿರಿದಾದ ಬಾಗಿಲಿನದೇ ಮುಂದುವರಿಕೆ. ಶ್ರಾವಣಮಾಸದಲ್ಲಿ ಪುಣೆಯಲ್ಲಿ ಸೇರುತ್ತಿದ್ದ ಸಾವಿರಾರು ಬ್ರಾಹ್ಮಣರಲ್ಲಿ ಕನ್ನಡ, ತೆಲುಗು ಸೀಮೆಗಳವರೂ ಇದ್ದರು. ವಿದ್ವತ್ತಿಗೆ ತಕ್ಕಂತೆ ಹಣ ಎಂಬುದು ಮೂಲದ ಆಶಯ, ಅದು ಬರಬರುತ್ತ ತಲೆ ಎಣಿಸಿ ಹಣ ಹಂಚುವ ಜಾತ್ರೆಯಾಯಿತು.

1818ರಲ್ಲಿ ಪೇಶ್ವೆ ರಾಜ್ಯವನ್ನು ವಶಪಡಿಸಿಕೊಂಡ ಇಂಗ್ಲಿಷರು ದಕ್ಷಿಣೆಯನ್ನು ಒಮ್ಮೆಗೇ ನಿಲ್ಲಿಸುವ ಧೈರ್ಯ ಮಾಡಲಿಲ್ಲ. ಅದರ ಒಂದು ಪಾಲಿನಿಂದ 1821ರಲ್ಲಿ ಪುಣೆಯ ವಿಶ್ರಾಮಬಾಗವಾಡಾದಲ್ಲಿ ಸಂಸ್ಕೃತ ಪಾಠಶಾಲೆ ತೆರೆದರು. 1849ರಲ್ಲಿ ಲೋಕಹಿತವಾದಿ ಗೋಪಾಳ ಹರಿ ದೇಶಮುಖರೇ ಮೊದಲಾದ ಸುಧಾರಕರು ಈ ಹಣವನ್ನು ಮರಾಠಿ ಪುಸ್ತಕಗಳ ರಚನೆಗೆ ಬಳಸಿರೆಂದು ಸರಕಾರಕ್ಕೆ ಅರ್ಜಿ ಸಲ್ಲಿಸಿದಾಗ ಸಂಪ್ರದಾಯಸ್ಥರು ಕೆರಳಿದರು. ಕಡೆಗೆ ಉಳಿದ ಹಣ ಕಾಲೇಜುಗಳಲ್ಲಿ ದಕ್ಷಿಣಾ ಫೆಲೋಶಿಪ್ ಆಯಿತು. ಫೆಲೋ ಆದವನು ಮುಂದಿನ ಪದವಿಗೆ ಓದುತ್ತ ಕೆಳಗಿನ ತರಗತಿಗಳಿಗೆ ಪಾಠ ಹೇಳುತ್ತಿದ್ದ. ನಾಸಿಕ ಜಿಲ್ಲೆಯ ನಿಫಾಡದಲ್ಲಿ 1842ರಲ್ಲಿ ಹುಟ್ಟಿದ ಮಹಾದೇವ ಗೋವಿಂದ ರಾನಡೆ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ದಕ್ಷಿಣಾ ಫೆಲೋ ಆಗಿದ್ದರು, ರಾಮಕೃಷ್ಣ ಗೋಪಾಳ ಭಾಂಡಾರಕರರೂ ಆಗಿದ್ದರು. ಶ್ರಾವಣದ ದಾನ ಆಧುನಿಕ ವಿದ್ಯಾರ್ಥಿವೇತನವಾಗಿ ರೂಪಾಂತರಗೊಂಡ ಈ ಘಟ್ಟವನ್ನು ಶಿಕ್ಷಣದ ಇತಿಹಾಸ ಬರೆಯುವವರು ಅಡಿಟಿಪ್ಪಣಿಗೆ ತಳ್ಳುತ್ತಾರೆ. ನಮಗೆ ಅದು ಮುಖ್ಯ ಪಠ್ಯಕ್ಕೆ ಬರಬೇಕಾದ ಸಂಗತಿಯೆನಿಸುತ್ತದೆ. ದಾನಕ್ಕೆ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ. ಫೆಲೋಶಿಪ್ಪಿಗೆ ಅವಧಿ, ಕೆಲಸ, ವರದಿ ಮೂರೂ ಬಂದವು.

ನಾಲ್ಕನೆಯದಾಗಿ ಬಂದದ್ದು ಕರಾರುಪತ್ರ. 1913ರ ಜೂನಿನಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡರ ಸಂಸ್ಥಾನ ಭೀಮರಾವ್ ಅಂಬೇಡ್ಕರರಿಗೆ ಮೂರು ವರ್ಷಗಳ ಅವಧಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನ ಕೊಟ್ಟಿತು. ಓದು ಮುಗಿದ ಮೇಲೆ ಹತ್ತು ವರ್ಷ ಬಡೋದೆಯಲ್ಲಿ ಸೇವೆ ಸಲ್ಲಿಸಬೇಕೆಂಬುದು ಷರತ್ತು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದು, ಅಲ್ಲಿಂದ ಲಂಡನ್ನು. ವೇತನದ ಅವಧಿ ಮುಗಿದದ್ದರಿಂದ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು 1917ರಲ್ಲಿ ಬಡೋದೆಗೆ ಬಂದರು. ಕರಾರಿನ ಪ್ರಕಾರ ಹುದ್ದೆ ಸಿಕ್ಕಿತು. ಇರಲು ಮನೆ ಸಿಗಲಿಲ್ಲ. ಕೊಲಂಬಿಯಾದ ವಿದ್ವಾಂಸನಿಗೆ ಊರಿನಲ್ಲಿ ಒಂದು ಕೋಣೆ ಬಾಡಿಗೆಗೆ ಕೊಡುವವರಿಲ್ಲದೆ, ತಂಗಿದ್ದ ಪಾರಸಿಗಳ ಧರ್ಮಶಾಲೆಯಿಂದಲೂ ಹೊರಬೀಳಬೇಕಾಯಿತು. ಕಚೇರಿಯಲ್ಲಿ ಜವಾನರು ಕಡತಗಳನ್ನು ದೂರದಿಂದಲೇ ಎಸೆಯುತ್ತಿದ್ದರೆಂಬುದು ಸರ್ವವಿದಿತ. ಹತ್ತು ವರ್ಷಗಳ ಸೇವೆ ಕೆಲವು ದಿನಗಳಲ್ಲೇ ಮುಗಿಯಿತು.

1918ರ ನವೆಂಬರಿನಲ್ಲಿ ಅವರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಸಂಬಳ 450 ರೂಪಾಯಿ. ಅಲ್ಲಿಯೂ ಅಧ್ಯಾಪಕರ ಕೋಣೆಯ ನೀರಿನ ಹೂಜಿಯನ್ನು ಅವರು ಮುಟ್ಟುವುದಕ್ಕೆ ಸಹೋದ್ಯೋಗಿಗಳಿಂದ ಆಕ್ಷೇಪ ಬಂತು. ಸಂಬಳದಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾರ ಸಾಲ ಇವನ್ನು ಕೂಡಿಸಿಕೊಂಡು 1920ರಲ್ಲಿ ಲಂಡನ್ನಿಗೆ ಮರಳಿದರು. ಕೊಲಂಬಿಯಾದ ನಿಯಮದಂತೆ ಪ್ರಬಂಧವನ್ನು ಅಚ್ಚುಹಾಕಿಸಿ ಒಪ್ಪಿಸಿದ ಮೇಲೆ, 1927ರಲ್ಲಿ, ಪಿಎಚ್.ಡಿ. ಪದವಿ ಅಧಿಕೃತವಾಯಿತು. ಪ್ರಾಂತೀಯ ಹಣಕಾಸಿನ ಕುರಿತಾದ ಆ ಗ್ರಂಥವನ್ನು ಅವರು ಅರ್ಪಿಸಿದ್ದು ಸಯಾಜಿರಾವರಿಗೆ. ವೇತನ ಕೊಟ್ಟ ದೊರೆಯ ಔದಾರ್ಯ ಒಂದೆಡೆ, ಹುದ್ದೆಗೆ ಬಂದವನಿಗೆ ತಲೆ ಮೇಲೆ ಸೂರು ಕೊಡದ ಊರು ಇನ್ನೊಂದೆಡೆ. ವಿದ್ಯಾರ್ಥಿವೇತನವೂ ಉದ್ಯೋಗವೂ ಒಂದರ ಹಿಂದೊಂದು ತಾವಾಗಿ ಬರುತ್ತವೆಂದು ನಂಬುವವರು ಈ ಐದಾರು ವರ್ಷಗಳನ್ನು ಮತ್ತೆ ಮತ್ತೆ ನೋಡಬೇಕು.

ಅಂಬೇಡ್ಕರರ ಬದುಕು ನಾಸಿಕ ಮತ್ತು ಔರಂಗಾಬಾದುಗಳನ್ನು ಬೆಸೆಯುತ್ತದೆ. 1930ರಲ್ಲಿ ನಾಸಿಕದ ಕಾಳಾರಾಮ ದೇವಾಲಯ ಪ್ರವೇಶದ ಸತ್ಯಾಗ್ರಹ, 1935ರ ಅಕ್ಟೋಬರಿನಲ್ಲಿ ಅದೇ ಜಿಲ್ಲೆಯ ಯೇವಲೆಯಲ್ಲಿ ತಾವು ಹಿಂದುವಾಗಿ ಸಾಯುವುದಿಲ್ಲವೆಂಬ ಘೋಷಣೆ. ದೇವರ ಬಾಗಿಲು ತೆರೆಯದಿದ್ದಾಗ ಅವರು ಕಾಲೇಜಿನ ಬಾಗಿಲನ್ನು ಕಟ್ಟಿಸಿದರೆಂದರೆ ಅತಿಶಯವಾಗದು. 1944ರಲ್ಲಿ, ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ, ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, 1946ರಲ್ಲಿ ಮುಂಬಯಿಯ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನ ಮಿಲಿಂದ ಮಹಾವಿದ್ಯಾಲಯ.

ಔರಂಗಾಬಾದನ್ನು ಆರಿಸಿಕೊಂಡ ಕಾರಣ ಅರ್ಥವಾಗಬೇಕಾದರೆ ನಿಜಾಮರ ಹೈದರಾಬಾದು ಸಂಸ್ಥಾನದತ್ತ ತಿರುಗಬೇಕು. ಇಲ್ಲಿ ನಮ್ಮ ಕಥೆಯೂ ಕೂಡಿಕೊಳ್ಳುತ್ತದೆ. ತೆಲುಗಿನ ತೆಲಂಗಾಣ, ಮರಾಠಿಯ ಐದು ಜಿಲ್ಲೆಗಳು, ಕನ್ನಡದ ಕಲಬುರಗಿ, ರಾಯಚೂರು, ಬೀದರ ಇವೆಲ್ಲ ಒಂದೇ ಸಂಸ್ಥಾನದ ಪ್ರಜೆಗಳು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶೀಯ ಭಾಷೆಯೊಂದರಲ್ಲಿ ವೈದ್ಯಶಾಸ್ತ್ರದವರೆಗೂ ಕಲಿಸಿದ ಧೀಮಂತ ಪ್ರಯೋಗ. ಆದರೆ ಆ ಭಾಷೆ ಉರ್ದು, ಸಂಸ್ಥಾನದ ಬಹುಜನರ ಮನೆಮಾತುಗಳು ಬೇರೆ. ಔರಂಗಾಬಾದಿನ ಕಾಲೇಜಿನ ಹುಡುಗನೂ ಕಲಬುರಗಿಯ ಕಾಲೇಜಿನ ಹುಡುಗನೂ ಮುಂದೆ ಓದಲು ಹೈದರಾಬಾದಿಗೇ ಹೋಗಬೇಕಿತ್ತು. 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಹೊರಹಾಕಲ್ಪಟ್ಟ ವಿದ್ಯಾರ್ಥಿಗಳಲ್ಲಿ ಈ ಎರಡೂ ಊರುಗಳವರಿದ್ದರು. ಅವರಿಗೆ ಸೀಟು ಕೊಟ್ಟದ್ದು ದೂರದ ನಾಗಪುರ ವಿಶ್ವವಿದ್ಯಾಲಯ.

ಹುದ್ದೆಗಳ ವಿಷಯದಲ್ಲಿ ಹೈದರಾಬಾದಿನಲ್ಲಿ ಒಂದು ಶಬ್ದ ಬಳಕೆಯಲ್ಲಿತ್ತು: ಮುಲ್ಕಿ. ಮುಲ್ಕ್ ಎಂದರೆ ನಾಡು. ಉತ್ತರ ಭಾರತದಿಂದ, ಮದರಾಸಿನಿಂದ ಬಂದವರು ಉನ್ನತ ಹುದ್ದೆಗಳನ್ನು ತುಂಬಿಕೊಂಡಾಗ ನಾಡಿನವರು ನಮಗೇನುಳಿಯಿತೆಂದು ಕೇಳಿದರು. 1919ರ ಫರ್ಮಾನು ಯಾರು ಮುಲ್ಕಿ ಎಂಬುದನ್ನು ನಿರ್ಧರಿಸಿತು. ಸಂಸ್ಥಾನದಲ್ಲಿ ಹುಟ್ಟಿದವನು ಮುಲ್ಕಿ. ಹದಿನೈದು ವರ್ಷ ನೆಲೆಸಿ, ಹುಟ್ಟೂರಿಗೆ ಮರಳುವ ಇಚ್ಛೆ ಬಿಟ್ಟೆನೆಂದು ಪ್ರಮಾಣ ಮಾಡಿದವನೂ ಮುಲ್ಕಿ. ಈ ಎರಡನೆಯ ಷರತ್ತನ್ನು ಓದುವಾಗ ನಮಗೆ ಕಸಿವಿಸಿಯಾಗುತ್ತದೆ. ಹುಟ್ಟೂರಿಗೆ ಮರಳುವ ಇಚ್ಛೆಯನ್ನು ಸರಕಾರಿ ಕಾಗದದ ಮೇಲೆ ತೊರೆಯಲು ನಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದೇವೆ? 1952ರಲ್ಲಿ ವರಂಗಲ್ಲಿನಲ್ಲಿ ಹೊರಗಿನ ಶಿಕ್ಷಕರ ನೇಮಕದ ವಿಚಾರವಾಗಿಯೇ ಮುಲ್ಕಿ ಚಳವಳಿ ಹೊತ್ತಿಕೊಂಡು ಹೈದರಾಬಾದಿನಲ್ಲಿ ಗೋಲಿಬಾರಿಗೆ ತಲುಪಿತು. ಒಂದು ಶಾಲೆಯ ಮೇಷ್ಟರ ಹುದ್ದೆ ಮುಂದೆ ಒಂದು ರಾಜ್ಯದ ಬೇಡಿಕೆಯಾಗಿ ಬೆಳೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ.

1956ರ ನವೆಂಬರ್ 1ರಂದು ಸಂಸ್ಥಾನ ಮೂರು ಹೋಳಾಯಿತು. ಉಸ್ಮಾನಿಯಾ ತೆಲಂಗಾಣಕ್ಕೆ ಉಳಿಯಿತು. ಮರಾಠವಾಡಕ್ಕೆ 1958ರ ಆಗಸ್ಟ್ 23ರಂದು ಔರಂಗಾಬಾದಿನಲ್ಲಿ ಸ್ವಂತ ವಿಶ್ವವಿದ್ಯಾಲಯವಾಯಿತು. ನೆಹರೂ ಅವರು ಉದ್ಘಾಟಿಸಿದರು. ನಮ್ಮ ಮೂರು ಜಿಲ್ಲೆಗಳ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಕಲಬುರಗಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರ ಬಂದದ್ದು 1970ರಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯವಾದದ್ದು 1980ರಲ್ಲಿ. ಒಂದೇ ನೊಗದಡಿ ಇದ್ದ ಎರಡು ಹಿಂದುಳಿದ ಸೀಮೆಗಳಲ್ಲಿ ಒಂದಕ್ಕೆ ಎರಡೇ ವರ್ಷಗಳಲ್ಲಿ ವಿಶ್ವವಿದ್ಯಾಲಯ ದೊರೆತರೆ ಇನ್ನೊಂದು 24 ವರ್ಷ ಕಾದಿತು. ಕಟ್ಟಡ ತಡವಾಗಿ ಬಂತೆನ್ನುವುದು ಇದರ ಒಂದು ಭಾಗವಷ್ಟೇ. ವಿಶ್ವವಿದ್ಯಾಲಯವಿಲ್ಲದ ಊರಿನಲ್ಲಿ ಪ್ರಾಧ್ಯಾಪಕ ಹುದ್ದೆಗಳಿರುವುದಿಲ್ಲ, ಮಾರ್ಗದರ್ಶಕರಿರುವುದಿಲ್ಲ, ಫೆಲೋಶಿಪ್ಪಿಗೆ ಅರ್ಜಿ ಹಾಕಬಹುದೆಂದು ಹೇಳಿಕೊಡುವ ಒಬ್ಬ ಹಿರಿಯನೂ ಇರುವುದಿಲ್ಲ. ಬೀದರಿನ ಹುಡುಗಿಯೊಬ್ಬಳಿಗೆ ಧಾರವಾಡ ಎಷ್ಟು ದೂರವೆಂದು ಆ ಕಾಲದ ರೈಲು ಬಸ್ಸುಗಳನ್ನು ಬಲ್ಲವರು ಹೇಳಬಲ್ಲರು.

ಮರಾಠವಾಡಾ ವಿಶ್ವವಿದ್ಯಾಲಯದ ಮೊದಲ ಕುಲಪತಿ ಎಸ್. ಆರ್. ಡೊಂಗರಕೇರಿ. ಮಂಗಳೂರನ್ನು ಬಲ್ಲವರಿಗೆ ಈ ಕುಲನಾಮ ಕೇಳಿದೊಡನೆ ಅಲ್ಲಿನ ಡೊಂಗರಕೇರಿ ನೆನಪಾಗುತ್ತದೆ. ಮುಂಬಯಿ ವಿಶ್ವವಿದ್ಯಾಲಯದ ರಿಜಿಸ್ಟ್ರಾರರಾಗಿ ಅನುಭವ ಪಡೆದು, ಅದರ ನೂರು ವರ್ಷಗಳ ಇತಿಹಾಸವನ್ನು ಬರೆದು, ಬಳಿಕ ಔರಂಗಾಬಾದಿಗೆ ಹೋಗಿ ಹೊಸದನ್ನು ಕಟ್ಟಿದವರು. ಈ ಎರಡೂ ವಿಶ್ವವಿದ್ಯಾಲಯಗಳ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿಸಿದ್ದಾರೆ. ಮರಾಠವಾಡದ ಅಸ್ಮಿತೆಯ ಹೆಸರಿನಲ್ಲಿ ಹುಟ್ಟಿದ ಸಂಸ್ಥೆಯ ಮೊದಲ ಚುಕ್ಕಾಣಿ ಆ ಸೀಮೆಯವರಲ್ಲದವರ ಕೈಯಲ್ಲಿತ್ತೆಂಬುದನ್ನು ಇಲ್ಲಿ ದಾಖಲಿಸಬೇಕು. ಇದಕ್ಕೆ ಸರಿದೂಗುವ ಇನ್ನೊಂದು ಸಂಗತಿ: 1994ರಲ್ಲಿ ನಾಂದೇಡದಲ್ಲಿ ಸ್ಥಾಪನೆಯಾದ ಎರಡನೆಯ ವಿಶ್ವವಿದ್ಯಾಲಯಕ್ಕೆ ಸ್ವಾಮಿ ರಾಮಾನಂದ ತೀರ್ಥರ ಹೆಸರಿದೆ. ಅವರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ.

ಹೊರನಾಡಿನಲ್ಲಿ ಹುದ್ದೆ ಹಿಡಿದ ಕನ್ನಡ ವಿದ್ವಾಂಸರ ಸಾಲು ಚಿಕ್ಕದಲ್ಲ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕೆ. ಜಿ. ಕುಂದಣಗಾರರು ಕನ್ನಡ ಕಲಿಸುತ್ತ ಆ ಸೀಮೆಯ ಶಾಸನಗಳನ್ನು ಪ್ರಕಟಿಸಿದರು. ಅದೇ ಕಾಲೇಜಿನಲ್ಲಿ ಸದಲಗಾದ ಆ. ನೇ. ಉಪಾಧ್ಯೆ ಪ್ರಾಕೃತದ ಪ್ರಾಧ್ಯಾಪಕರಾಗಿದ್ದರು. ಮುಂಬಯಿ ವಿಶ್ವವಿದ್ಯಾಲಯದ ಸ್ಪ್ರಿಂಗರ್ ಸಂಶೋಧನಾ ವೇತನ ಅವರಿಗೆ ದೊರೆತಿತ್ತು. ಬೇಂದ್ರೆಯವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ, ಮುಗಳಿಯವರು ಸಾಂಗಲಿಯ ವಿಲಿಂಗ್‌ಡನ್ ಕಾಲೇಜಿನಲ್ಲಿ. ಮೈಸೂರಿನ ಎಂ. ಎನ್. ಶ್ರೀನಿವಾಸ್ ಮುಂಬಯಿಗೆ ಬಂದು ಘುರ್ಯೆಯವರ ಬಳಿ ಸಂಶೋಧನಾ ವೇತನದ ಮೇಲೆ ಕೊಡಗಿನವರನ್ನು ಕುರಿತು ಕೆಲಸ ಮಾಡಿ, ಆಕ್ಸ್‌ಫರ್ಡ್ ಮುಟ್ಟಿ, 1951ರಲ್ಲಿ ಬಡೋದೆಯಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಿದರು. ಇವರಲ್ಲಿ ಯಾರನ್ನೂ ಅಧಿವಾಸ ಪ್ರಮಾಣಪತ್ರ ತಡೆದು ನಿಲ್ಲಿಸಲಿಲ್ಲ. ಹಾಗೆಂದು ಅದು ಸುವರ್ಣಯುಗವೂ ಅಲ್ಲ. ಇವರಲ್ಲಿ ಬಹುತೇಕರು ಎಂಥ ಮನೆತನಗಳಿಂದ ಬಂದವರೆಂದು ನೋಡಿದರೆ ಸಾಲೋಟಗಿಯ ಬಾಗಿಲು ಎಷ್ಟು ಅಗಲವಾಗಿತ್ತೆಂದು ತಿಳಿಯುತ್ತದೆ.

ಆ ಬಾಗಿಲನ್ನು ಅಗಲಿಸಿದ್ದು ಮಿಲಿಂದ. ಅಲ್ಲಿ ಓದಿದ, ಕಲಿಸಿದ ದಲಿತ ತರುಣರಿಂದ ಮರಾಠಿ ದಲಿತ ಸಾಹಿತ್ಯಕ್ಕೆ ನೆಲೆ ಸಿಕ್ಕಿತು. ಅಮೆರಿಕದಲ್ಲಿ ಸಂಶೋಧನೆ ಮಾಡಿ ಬಂದ ಎಂ. ಎನ್. ವಾನಖೇಡೆ ಅಲ್ಲಿನ ಕರಿಯ ಲೇಖಕರ ಬರಹವನ್ನು ಔರಂಗಾಬಾದಿನ ಹುಡುಗರಿಗೆ ಪರಿಚಯಿಸಿದರು. ಗಂಗಾಧರ ಪಾನತಾವಣೆ ಅಲ್ಲಿಂದಲೇ ಅಸ್ಮಿತಾದರ್ಶ ಪತ್ರಿಕೆಯನ್ನು ನಡೆಸಿದರು. ಒಬ್ಬ ವಿದ್ವಾಂಸ ವಿದೇಶದಲ್ಲಿ ಓದಿ ಬಂದದ್ದರಿಂದ ಒಂದು ಭಾಷೆಯ ಸಾಹಿತ್ಯದ ದಿಕ್ಕು ಬದಲಾಗಬಹುದೆಂಬುದನ್ನು ಯಾವ ಫಲಿತಾಂಶ ವರದಿಯ ಕಾಲಮ್ಮಿನಲ್ಲಿ ಬರೆಯುವುದು?

1970ರ ದಶಕದ ಹೊತ್ತಿಗೆ ಪದವೀಧರರು ಹೆಚ್ಚಿದರು, ಹುದ್ದೆಗಳು ಹೆಚ್ಚಲಿಲ್ಲ. ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರರ ಹೆಸರಿಡಬೇಕೆಂಬ ಬೇಡಿಕೆ ಎದ್ದದ್ದು ಈ ಬಿಗಿಯಾದ ಗಾಳಿಯಲ್ಲಿ. 1978ರ ಜುಲೈ 27ರಂದು ಮಹಾರಾಷ್ಟ್ರದ ಎರಡೂ ಸದನಗಳು ಠರಾವು ಮಾಡಿದವು. ಮರುದಿನಗಳಲ್ಲೇ ಮರಾಠವಾಡದ ಹಳ್ಳಿಗಳಲ್ಲಿ ದಲಿತರ ಮನೆಗಳು ಸುಟ್ಟವು, ಜೀವಗಳು ಹೋದವು. ಠರಾವು ಜಾರಿಯಾಗಲಿಲ್ಲ. ಹದಿನಾರು ವರ್ಷಗಳ ಮೆರವಣಿಗೆ, ಜೈಲು, ಆತ್ಮಾಹುತಿಗಳ ನಂತರ 1994ರ ಜನವರಿ 14ರಂದು ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯವೆಂಬ ಹೆಸರು ಬಂತು, ಹಳೆಯ ಹೆಸರನ್ನೂ ಉಳಿಸಿಕೊಂಡು. ಹೊರಗಿನವರು ಇದನ್ನು ಬರಿಯ ನಾಮಕರಣದ ಜಗಳವೆಂದು ತಿಳಿದರು. ನಮ್ಮ ಅಭಿಪ್ರಾಯ ಬೇರೆ. ವಿದ್ಯಾರ್ಥಿವೇತನದ ಬಲದಿಂದ ಓದಿದ ದಲಿತ ತರುಣ ಗುಮಾಸ್ತಿಕೆಗೂ ಉಪನ್ಯಾಸಕ ಹುದ್ದೆಗೂ ಅರ್ಜಿ ಹಾಕತೊಡಗಿದ್ದನ್ನು ಸಹಿಸದ ಊರುಗಳು ಹೆಸರಿನ ನೆಪದಲ್ಲಿ ಅವನ ಅರ್ಜಿಯನ್ನೇ ಸುಡಲು ಹೊರಟಿದ್ದವು.

ಇನ್ನು ನಮ್ಮ ಕಾಲ. ಯುಜಿಸಿಯ ಕಿರಿಯ ಸಂಶೋಧನಾ ವೇತನ 2010ರ ಸುಮಾರಿಗೆ ತಿಂಗಳಿಗೆ 16,000 ಇದ್ದದ್ದು 25,000, 31,000 ಆಗಿ 2023ರ ಜನವರಿಯಿಂದ 37,000ಕ್ಕೆ ಏರಿದೆ. ಹಿರಿಯ ವೇತನ 42,000. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಗಳಿಗೆ ಬಾರ್ಟಿ, ಮರಾಠಾ ಮತ್ತು ಕುಣಬಿ ಸಮುದಾಯಗಳಿಗೆ ಸಾರಥಿ, ಹಿಂದುಳಿದ ವರ್ಗಗಳಿಗೆ ಮಹಾಜ್ಯೋತಿ ಎಂಬ ಸರಕಾರಿ ಸಂಸ್ಥೆಗಳು ಪಿಎಚ್.ಡಿ. ವೇತನ ಕೊಡುತ್ತವೆ. ಕೇಂದ್ರದ ಮೌಲಾನಾ ಆಜಾದ್ ವೇತನ ಮಾತ್ರ 2022-23ರಿಂದ ಹೊಸಬರಿಗಿಲ್ಲ. ಮೊತ್ತ ಕಡಿಮೆಯೆಂದು ದೂರುವಂತಿಲ್ಲ. ತೊಡಕಿರುವುದು ವೇತನ ಮುಗಿದ ಮೇಲೆ. ಪದವಿ ಪಡೆದವರಲ್ಲಿ ಅನೇಕರನ್ನು ಮಹಾರಾಷ್ಟ್ರದ ಕಾಲೇಜುಗಳು ತಾಸಿಕಾ ಲೆಕ್ಕದಲ್ಲಿ, ಎಂದರೆ ಪಾಠ ಮಾಡಿದ ಗಂಟೆಗಿಷ್ಟು ಎಂದು, ದುಡಿಸಿಕೊಳ್ಳುತ್ತವೆ. ಕರ್ನಾಟಕದಲ್ಲಿ ಇದೇ ಸ್ಥಿತಿಗೆ ಅತಿಥಿ ಉಪನ್ಯಾಸಕ ಎಂಬ ಸೊಗಸಾದ ಹೆಸರಿದೆ. ವರ್ಷಾನುಗಟ್ಟಲೆ ಮನೆಯಲ್ಲೇ ಉಳಿದವನನ್ನು ಅತಿಥಿ ಎನ್ನುವ ಪದ್ಧತಿ ಕನ್ನಡಿಗರಲ್ಲಿ ಹಿಂದೆಂದೂ ಇರಲಿಲ್ಲ. ಸಂಶೋಧಕನಾಗಿದ್ದಾಗ ಕೈಗೆ ಬರುತ್ತಿದ್ದ ಹಣಕ್ಕಿಂತ ಡಾಕ್ಟರ್ ಆದ ಮೇಲೆ ಬರುವ ಹಣ ಕಡಿಮೆಯಾಗುವ ವಿಚಿತ್ರ ಇಲ್ಲಿ ಸಾಮಾನ್ಯ.

ಹುದ್ದೆ ತೆರೆದಾಗಲೂ ಎಣಿಕೆಯ ರೀತಿ ಮುಖ್ಯವಾಗುತ್ತದೆ. 2017ರಲ್ಲಿ ಅಲಹಾಬಾದ್ ಹೈಕೋರ್ಟು ಮೀಸಲಾತಿಗೆ ಇಡೀ ವಿಶ್ವವಿದ್ಯಾಲಯವನ್ನಲ್ಲ, ಪ್ರತಿ ವಿಭಾಗವನ್ನು ಘಟಕವಾಗಿ ಎಣಿಸಬೇಕೆಂದಿತು. ಹದಿಮೂರು ಅಂಕಗಳ ರೋಸ್ಟರಿನಲ್ಲಿ ನಾಲ್ಕನೆಯ ಹುದ್ದೆ ಹಿಂದುಳಿದ ವರ್ಗಕ್ಕೆ, ಏಳನೆಯದು ಪರಿಶಿಷ್ಟ ಜಾತಿಗೆ, ಹದಿನಾಲ್ಕನೆಯದು ಪರಿಶಿಷ್ಟ ಪಂಗಡಕ್ಕೆ. ಹೊರರಾಜ್ಯದ ಕನ್ನಡ ವಿಭಾಗದಂಥ ಸಣ್ಣ ವಿಭಾಗದಲ್ಲಿ ಏಳನೆಯ ಹುದ್ದೆ ಯಾವ ಶತಮಾನದಲ್ಲಿ ಬಂದೀತು? ದೇಶದಾದ್ಯಂತ ಪ್ರತಿಭಟನೆಯಾದ ಮೇಲೆ 2019ರಲ್ಲಿ ಸಂಸತ್ತು ಕಾಯ್ದೆ ತಂದು ಕೇಂದ್ರೀಯ ಸಂಸ್ಥೆಗಳಿಗೆ ಮತ್ತೆ ಸಂಸ್ಥೆಯನ್ನೇ ಘಟಕವಾಗಿಸಿತು.

ಮುಲ್ಕಿ ಎಂಬ ಶಬ್ದ ಈಗಿಲ್ಲ, ಅದರ ಅರ್ಥ ಉಳಿದಿದೆ. 1957ರ ಕಾಯ್ದೆ ಸರಕಾರಿ ಉದ್ಯೋಗಕ್ಕೆ ವಾಸದ ಷರತ್ತು ಹಾಕುವುದನ್ನು, ತೆಲಂಗಾಣದಂಥ ಕೆಲವು ಪ್ರದೇಶಗಳನ್ನು ಬಿಟ್ಟು, ತೆಗೆದುಹಾಕಿತ್ತು. ಆದರೆ ಸಂವಿಧಾನದ 371ನೆಯ ವಿಧಿ ಮರಾಠವಾಡಕ್ಕೆ ಅಭಿವೃದ್ಧಿ ಮಂಡಳಿಯ ಅವಕಾಶವಿತ್ತರೆ, 98ನೆಯ ತಿದ್ದುಪಡಿಯಿಂದ ಬಂದ 371ಜೆ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಯನ್ನೇ ಕೊಟ್ಟಿತು. ಕಲಬುರಗಿ 24 ವರ್ಷ ಕಾದದ್ದನ್ನು ನೆನೆದರೆ ಅದು ನ್ಯಾಯವಾದದ್ದೇ. ಅದೇ ಕಲಬುರಗಿಯಿಂದ ದುಡಿಮೆಗೆಂದು ಪುಣೆ, ಮುಂಬಯಿ, ನಾಸಿಕಗಳಿಗೆ ಬಂದವರ ಮಕ್ಕಳು ಮಾತ್ರ ಎರಡು ನ್ಯಾಯಗಳ ನಡುವೆ ಬೀಳುತ್ತಾರೆ. ಮುಂಬಯಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನ ಪ್ರವೇಶದ ಪ್ರಕರಣದಲ್ಲಿ, ಬಾಲ್ಯದಲ್ಲೇ ಆಂಧ್ರದಿಂದ ಬಂದು ಇಲ್ಲಿಯೇ ಬೆಳೆದ ವಿದ್ಯಾರ್ಥಿಯೊಬ್ಬನ ಪರಿಶಿಷ್ಟ ಪಂಗಡದ ಸ್ಥಾನ ಮಹಾರಾಷ್ಟ್ರದಲ್ಲಿ ನಡೆಯುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲಿ ತೀರ್ಪಿತ್ತಿತು. ಅವಮಾನ ಗಡಿ ದಾಟಿ ಜೊತೆಗೇ ಬರುತ್ತದೆ, ಅದಕ್ಕೆ ಪರಿಹಾರವಾದ ಸೌಲಭ್ಯ ಗಡಿಯಲ್ಲಿ ಇಳಿದುಹೋಗುತ್ತದೆ. ಸ್ಥಳೀಯ ಪರಿಶಿಷ್ಟರ ಪಾಲನ್ನು ಹೊರಗಿನವರು ಕಬಳಿಸಬಾರದೆಂಬ ನ್ಯಾಯಾಲಯದ ವಾದ ಅರ್ಥವಾಗುವಂಥದೇ. ಆದರೂ ಇಲ್ಲಿ ಹುಟ್ಟಿ, ಇಲ್ಲಿನ ಶಾಲೆಯಲ್ಲಿ ಮರಾಠಿ ಕಲಿತ ಮೂರನೆಯ ತಲೆಮಾರಿನ ಹುಡುಗಿಯನ್ನು ಹೊರಗಿನವಳೆಂದು ಎಷ್ಟು ಕಾಲ ಕರೆಯುವುದೆಂಬ ಪ್ರಶ್ನೆ ನಮ್ಮೆಲ್ಲರ ಮನೆಗಳಲ್ಲಿ ಉಳಿದಿದೆ.

ಸದ್ಯ ಅಂಥವಳಿಗೆ ತೆರೆದಿರುವುದು ಕೇಂದ್ರದ ದಾರಿ. ಕೇಂದ್ರೀಯ ಸಂಸ್ಥೆಗಳೂ ರಾಷ್ಟ್ರೀಯ ವೇತನಗಳೂ ಹುಟ್ಟೂರಿನ ಜಾತಿ ಪ್ರಮಾಣಪತ್ರವನ್ನು ದೇಶದೆಲ್ಲೆಡೆ ಒಪ್ಪುತ್ತವೆ. ಯುಜಿಸಿಯ ನೆಟ್ ಪರೀಕ್ಷೆಯ ವಿಷಯಗಳಲ್ಲಿ ಕನ್ನಡವೂ ಒಂದು, ಅದನ್ನು ಯಾವ ರಾಜ್ಯದಲ್ಲಿದ್ದವರೂ ಬರೆಯಬಹುದು. ನಾಸಿಕದಲ್ಲಿ 1989ರಿಂದ ಮುಕ್ತ ವಿಶ್ವವಿದ್ಯಾಲಯವಿದೆ, 1998ರಿಂದ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಕನ್ನಡದಲ್ಲಿ ಪಿಎಚ್.ಡಿ. ಮಾಡಬೇಕೆಂದು ಹೊರಟವಳು ಮಾತ್ರ ಪಾಂಡವಲೇಣಿಯ ಗುಡ್ಡವನ್ನು ಬಲಕ್ಕೋ ಎಡಕ್ಕೋ ಬಿಟ್ಟು ಅದೇ ಹೆದ್ದಾರಿ ಹಿಡಿದು ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಹೋಗಬೇಕು. ಅರ್ಜಿಯ ಜೊತೆ ಪದವಿಪತ್ರ, ನೆಟ್ ಫಲಿತಾಂಶ, ಜಾತಿ ಪ್ರಮಾಣಪತ್ರ, ಅಧಿವಾಸ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳಬೇಕು. ಅವಳ ತಾಯಿ 1980ರ ದಶಕದಲ್ಲಿ ಓದಿದವಳಾದರೆ ಆಕೆಯ ಪದವಿಪತ್ರದಲ್ಲಿ ಮರಾಠವಾಡಾ ವಿಶ್ವವಿದ್ಯಾಲಯ, ಔರಂಗಾಬಾದ್ ಎಂದಿರುತ್ತದೆ. ಮಗಳದರಲ್ಲಿ ವಿಶ್ವವಿದ್ಯಾಲಯದ ಹೆಸರೂ ಬೇರೆ, ಊರಿನ ಹೆಸರೂ ಬೇರೆ.